3,499 ರೂಪಾಯಿಯ ಸ್ಟ್ರೆಸ್ ಹಾರ್ಮೋನ್ ಪ್ಯಾಕೇಜ್: ರಿಪೋರ್ಟ್ ಹಸಿರು, ನನಗೆ ನಿದ್ದೆ ಇಲ್ಲ

ಮನೆಗೇ ಬಂದು ರಕ್ತ ತಗೊಂಡು ಹೋಗಿ ಆ್ಯಪ್‌ನಲ್ಲಿ ರಿಪೋರ್ಟ್ ಕೊಡುವ ಒಂದು ಲ್ಯಾಬ್‌ನ ‘ಸ್ಟ್ರೆಸ್ ಹಾರ್ಮೋನ್ ಪ್ಯಾಕೇಜ್’ ಬಗ್ಗೆ ಬರೆಯುತ್ತಿದ್ದೇನೆ. ಲ್ಯಾಬ್‌ನ ಹೆಸರು ಹಾಕುವುದಿಲ್ಲ. ಇಂಥ ಪ್ಯಾಕೇಜ್ ಈಗ ಬೇಕಾದಷ್ಟು ಕಡೆ ಸಿಗುತ್ತದೆ. ಹೆಸರು ಬೇರೆ ಬೇರೆ, ಒಳಗಿರುವುದು ಹೆಚ್ಚುಕಮ್ಮಿ ಒಂದೇ. ನಾನು ಕೊಟ್ಟಿದ್ದು 3,499 ರೂಪಾಯಿ. ಐದರಲ್ಲಿ ಎರಡು ಸ್ಟಾರ್ ಕೊಡುತ್ತೇನೆ. ಯಾಕೆ ಎರಡೇ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನಮ್ಮದು ಮಡಿಕೇರಿ ಹತ್ತಿರದ ಊರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆಯೆಲ್ಲ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದಿದ್ದು ನಿಮಗೆ ನೆನಪಿರಬಹುದು. ಕೊಡಗಿನ ಕಕ್ಕಡ ತಿಂಗಳು ಮುಗಿಯುವ ಹೊತ್ತು, ಮಳೆ ಬಿಟ್ಟೇ ಇರಲಿಲ್ಲ. ನಮ್ಮ ಮನೆ ಹಿಂದಿನ ಬರೆಯಲ್ಲಿ ಸಿಲ್ವರ್ ಓಕ್ ಮರಗಳು ಬೀಳದೆ, ನಿಂತ ಹಾಗೇ ಕೆಳಗೆ ಜಾರಿ ಬಂದವು. ಅದನ್ನು ಅಡುಗೆಮನೆ ಕಿಟಕಿಯಿಂದ ನೋಡಿದ್ದು ನಾನೊಬ್ಬಳೇ. ನಮ್ಮ ಯಜಮಾನರು ಅತ್ತೆಯನ್ನು ಎತ್ತಿಕೊಂಡು ಓಡುತ್ತಿದ್ದರು, ನಾನು ಹಿಂದೆ. ಆಗ ನನಗೆ ನಾಲ್ಕು ತಿಂಗಳು. ಮೂವರೂ ಉಳಿದುಕೊಂಡೆವು. ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಕೆಲವು ವಾರ ಇದ್ದು, ಆಮೇಲೆ ಮೈಸೂರಿಗೆ ಬಂದೆವು. ಮಗಳು ಹುಟ್ಟಿದ್ದು ಇಲ್ಲೇ.

ಐದಾರು ವರ್ಷ ಹೇಗೋ ನಡೆಯಿತು. ಮಳೆಗಾಲದಲ್ಲಿ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ ಅಂದುಕೊಂಡಿದ್ದೆ. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲ ಟಿವಿಯಲ್ಲಿ ಬಂತು. ಅದೇ ಕೆಂಪು ಮಣ್ಣಿನ ನೀರು, ಅದೇ ಬಣ್ಣ. ಅವತ್ತಿನಿಂದ ನನ್ನ ಮೈ ನನ್ನ ಮಾತು ಕೇಳಲೇ ಇಲ್ಲ. ಪಕ್ಕದ ಮನೆಯ ಶೀಟಿನ ಮೇಲೆ ನಾಲ್ಕು ಹನಿ ಬಿದ್ದರೆ ಎದೆ ಡವಡವ, ಅಂಗೈಯೆಲ್ಲ ಬೆವರು, ಬಾಯಿ ಒಣಗಿ ಹೋಗುತ್ತಿತ್ತು. ಕುಕ್ಕರ್ ಸೀಟಿಗೆ ಬೆಚ್ಚಿ ಕೈಯಲ್ಲಿದ್ದ ಪಾತ್ರೆ ಬೀಳಿಸಿದ್ದೇನೆ. ರಾತ್ರಿ ಎರಡೂವರೆಗೆ ಎಚ್ಚರ, ಆಮೇಲೆ ಬೆಳಗಿನ ತನಕ ಕಿಟಕಿ ಹತ್ತಿರ. ಕೂದಲು ಉದುರುವುದು ಜಾಸ್ತಿ ಆಯಿತು. ಹತ್ತಿರದ ಕ್ಲಿನಿಕ್‌ನಲ್ಲಿ ನಿದ್ದೆ ಮಾತ್ರೆ ಬರೆದರು. ತಗೊಂಡ ದಿನ ಮಲಗಿದೆ, ಎದ್ದ ಮೇಲೆ ಎಲ್ಲ ಮೊದಲಿನ ಹಾಗೇ.

ಆ ಸಮಯದಲ್ಲಿ ಫೋನ್‌ನಲ್ಲಿ ಈ ಜಾಹೀರಾತು ಬಂತು. ‘ನಿಮ್ಮ ಒತ್ತಡ ಎಷ್ಟಿದೆ, ರಕ್ತ ಹೇಳುತ್ತದೆ’ ಅಂತ. ನನಗೆ ಬೇಕಾಗಿದ್ದೂ ಅದೇ. ನನಗೆ ಏನೋ ಆಗಿದೆ ಅಂತ ಒಂದು ಕಾಗದ ಹೇಳಬೇಕಿತ್ತು. ಮನೆಯವರಿಗೆ ತೋರಿಸಲಿಕ್ಕೆ.

ಪ್ಯಾಕೇಜ್‌ನಲ್ಲಿ ಇದ್ದದ್ದು ಒತ್ತಡದ ಹಾರ್ಮೋನ್ ಅನ್ನುವ ಕಾರ್ಟಿಸಾಲ್, ಡಿಎಚ್‌ಇಎ-ಎಸ್, ಥೈರಾಯ್ಡ್‌ನ ಮೂರು, ಪ್ರೊಲ್ಯಾಕ್ಟಿನ್, ಸಿಆರ್‌ಪಿ, ಡಿ ಮತ್ತು ಬಿ12 ವಿಟಮಿನ್. ಬುಕ್ ಮಾಡುವುದು ಸುಲಭ. ಬೆಳಿಗ್ಗೆ 7ರಿಂದ 8ರ ಸ್ಲಾಟ್ ಕೊಟ್ಟರು, ಖಾಲಿ ಹೊಟ್ಟೆಯಲ್ಲಿರಿ ಅಂದರು. ಹುಡುಗ ಬಂದಿದ್ದು 10 ಗಂಟೆ 20 ನಿಮಿಷಕ್ಕೆ. ಪಾಪ, ಅವನದೇನೂ ತಪ್ಪಿಲ್ಲ, ಬೆಳಿಗ್ಗೆಯಿಂದ ಒಂಬತ್ತು ಮನೆ ಸುತ್ತಿದ್ದ. ಕೈ ತುಂಬಾ ಹಗುರ. ನನ್ನ ನರ ಸಿಗುವುದು ಕಷ್ಟ, ಒಂದೇ ಚುಚ್ಚಿಗೆ ಹಿಡಿದ. ‘ಮೇಡಂ, ಆ ಕಡೆ ನೋಡಿ, ಆಯ್ತು’ ಅಂದ, ಆಗಿಯೇ ಹೋಗಿತ್ತು. ಹತ್ತಿ ಇಟ್ಟು ಎರಡು ನಿಮಿಷ ಕಾದು, ರಕ್ತ ನಿಂತಿದೆಯಾ ಅಂತ ನೋಡಿಯೇ ಹೊರಟ. ನಾನು ಕೊಟ್ಟ ಎರಡು ಸ್ಟಾರ್ ಅವನದು.

ಮಾರನೇ ದಿನ ಸಂಜೆ ರಿಪೋರ್ಟ್. ಮೊದಲ ಪುಟದಲ್ಲಿ ಒಂದು ದೊಡ್ಡ ಹಸಿರು ಬಳೆ. ‘ಒತ್ತಡ ಕಡಿಮೆ. ನೀವು ಚೆನ್ನಾಗಿದ್ದೀರಿ’. ಕಾರ್ಟಿಸಾಲ್ 7.1. ಕೆಳಗೆ, ಎರಡನೇ ಪುಟದಲ್ಲಿ, ಥೈರಾಯ್ಡ್‌ಗೆ ಕೆಂಪು. ಟಿಎಸ್‌ಎಚ್ ಕಡಿಮೆ, ಟಿ4 ಜಾಸ್ತಿ, ಅಂದರೆ ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದೆ ಅಂತ.

ಹಸಿರು ಬಳೆ ನೋಡಿ ಕೂತುಬಿಟ್ಟೆ. ಹಿಂದಿನ ರಾತ್ರಿ ಮೂರು ಗಂಟೆ ಮಲಗಿದ್ದೆ.

ಅತ್ತೆ ಕೆಟ್ಟವರಲ್ಲ. ನನ್ನ ಬಾಣಂತನ ಮಾಡಿದವರು ಅವರೇ. ಆದರೆ ಫೋನ್ ಕೈಗೆ ತಗೊಂಡು, ‘ಎಲ್ಲ ಸರಿ ಇದೆಯಂತಲ್ಲ ಮಗಾ, ಸುಮ್ನೆ ಯಾಕೆ ಮನಸ್ಸಿಗೆ ಹಚ್ಚಿಕೊಳ್ತೀಯ, ನಾವೂ ಅಲ್ಲೇ ಇದ್ದೆವಲ್ಲ’ ಅಂದರು. ಯಜಮಾನರು ಏನೂ ಹೇಳಲಿಲ್ಲ. ಮುಖದಲ್ಲಿ ಒಂದು ನೆಮ್ಮದಿ ಇತ್ತು. ನನ್ನ ತಂಗಿ ಫೋನ್‌ನಲ್ಲಿ, ‘ಅಕ್ಕಾ, ಥೈರಾಯ್ಡ್ ಇದೆ ನೋಡು, ಅದಕ್ಕೇ ಎದೆ ಹೊಡೆದುಕೊಳ್ಳೋದು’ ಅಂದಳು. ಎಲ್ಲರಿಗೂ ಒಂದು ಉತ್ತರ ಸಿಕ್ಕಿತು. ಈ ಪ್ಯಾಕೇಜ್ ಮೇಲೆ ನನಗಿರುವ ದೊಡ್ಡ ಸಿಟ್ಟು ಇದೇ, ದುಡ್ಡಿನದಲ್ಲ. ನನಗೆ ಏನೂ ಆಗಿಲ್ಲ ಅಂತ ಮನೆಯವರ ಮುಂದೆ ಸಾಕ್ಷಿ ಹೇಳಿತು ಅದು.

ಅವತ್ತೇ ರಾತ್ರಿ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿದೆ. ನಂಬರ್ 14416. ಇದರ ಬಗ್ಗೆ ಗೊತ್ತಿಲ್ಲದವರು ಇನ್ನೂ ತುಂಬಾ ಜನ ಇದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. 2022ರ ಅಕ್ಟೋಬರ್ 10ರಂದು ಸರ್ಕಾರ ಶುರು ಮಾಡಿದ್ದು, ಹೊತ್ತುಗೊತ್ತಿಲ್ಲದೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನನ್ನ ಜೊತೆ ಮಾತಾಡಿದ ಹೆಣ್ಣುಮಗಳು ಇಪ್ಪತ್ತು ನಿಮಿಷ ಕೇಳಿದಳು. ನಡುವೆ ನಾನು ಅತ್ತಾಗ ಏನೂ ಹೇಳದೆ ಕಾದಳು. ಕೊನೆಗೆ, ‘ರಿಪೋರ್ಟ್ ನಾರ್ಮಲ್ ಇದ್ರೂ ನೀವು ಹೇಳ್ತಿರೋದು ನಿಜಾನೇ ಮೇಡಂ, ಮನೋವೈದ್ಯರನ್ನ ನೋಡಿ’ ಅಂದಳು. ಆ ಒಂದು ಮಾತಿಗೆ ಅದಕ್ಕೆ ಐದು ಸ್ಟಾರ್.

ಮುಂದಿನ ವಾರ ಮೈಸೂರಿನಲ್ಲೇ ಒಬ್ಬ ಮನೋವೈದ್ಯೆಯನ್ನು ಕಂಡೆ. ರಿಪೋರ್ಟ್ ಮೊಬೈಲ್‌ನಲ್ಲಿ ತೋರಿಸಿದೆ. ಅವರು ಹಸಿರು ಬಳೆಯನ್ನು ನೋಡಲೇ ಇಲ್ಲ. ಕೇಳಿದ್ದು ಎರಡೇ ಪ್ರಶ್ನೆ. ರಕ್ತ ಎಷ್ಟು ಗಂಟೆಗೆ ತೆಗೆದರು? ಬೇರೆ ಯಾವ ಮಾತ್ರೆ ತಗೊಳ್ತಿದ್ದೀರಿ?

ಗಂಟೆ ಹೇಳಿದೆ. ರಿಪೋರ್ಟ್‌ನಲ್ಲಿ ನೋಡಿದರೆ 7.30 ಅಂತ ಹಾಕಿದ್ದಾರೆ! ಸ್ಲಾಟಿನ ಸಮಯ ಅದು, ರಕ್ತ ತೆಗೆದ ಸಮಯ ಅಲ್ಲ. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಕಾರ್ಟಿಸಾಲ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಗಿನ ಜಾವ ಏರುತ್ತಾ ಬಂದು, ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಇನ್ನೊಂದಿಷ್ಟು ಜಿಗಿದು, ಆಮೇಲೆ ಇಳಿಯುತ್ತಾ ಹೋಗಿ ಮಧ್ಯರಾತ್ರಿ ಹೊತ್ತಿಗೆ ತಳ ಸೇರುತ್ತದೆ. ರಾತ್ರಿ ಪಾಳಿಯವರಲ್ಲಿ ಈ ಲೆಕ್ಕವೇ ತಿರುವುಮುರುವು ಆಗಬಹುದು. ಹತ್ತೂ ಇಪ್ಪತ್ತರ ರಕ್ತವನ್ನು ಎಂಟು ಗಂಟೆಯ ಅಳತೆಗೆ ಇಟ್ಟು ನೋಡಿದರೆ ಏನು ಗೊತ್ತಾದೀತು?

ಮಾತ್ರೆಯ ವಿಷಯ ಇನ್ನೂ ದೊಡ್ಡದು. ಕೂದಲು ಉದುರುತ್ತಿದೆ ಅಂತ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಬಯೋಟಿನ್ ತಗೊಳ್ಳುತ್ತಿದ್ದೆ, ದಿನಕ್ಕೆ 10 ಮಿಲಿಗ್ರಾಂ. ಕೆಲವು ಲ್ಯಾಬ್ ಮಷಿನ್‌ಗಳು ಹಾರ್ಮೋನ್ ಅಳೆಯಲಿಕ್ಕೆ ಬಯೋಟಿನ್ನೇ ಬಳಸುತ್ತವೆ. ರಕ್ತದಲ್ಲಿ ಮೊದಲೇ ಅದು ಜಾಸ್ತಿ ಇದ್ದರೆ ಮಷಿನ್ ಮೋಸ ಹೋಗುತ್ತದೆ. ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಜಾಸ್ತಿ ತೋರಿಸಬಹುದು. ಕಾರ್ಟಿಸಾಲ್ ಕೂಡ ಇರುವುದಕ್ಕಿಂತ ಜಾಸ್ತಿ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನನ್ನ ಬುಕಿಂಗ್ ಫಾರ್ಮ್‌ನಲ್ಲಿ ಹುಟ್ಟಿದ ತಾರೀಕು, ಇಮೇಲ್, ವಾಟ್ಸ್‌ಆ್ಯಪ್ ನಂಬರ್ ಎಲ್ಲ ಇತ್ತು. ಯಾವ ಮಾತ್ರೆ ತಗೊಳ್ತೀರಿ ಅನ್ನುವ ಒಂದು ಸಾಲು ಇರಲಿಲ್ಲ. ಆಸ್ತಮಾಕ್ಕೆ, ಚರ್ಮಕ್ಕೆ ಅಂತ ಸ್ಟೀರಾಯ್ಡ್ ತಗೊಳ್ಳುವವರಲ್ಲೂ, ಗರ್ಭನಿರೋಧಕ ಮಾತ್ರೆ ತಗೊಳ್ಳುವ ಹೆಂಗಸರಲ್ಲೂ ಕಾರ್ಟಿಸಾಲ್ ಲೆಕ್ಕ ಏರುಪೇರಾಗುತ್ತದೆ. ಕೇಳದೆ ಹೇಗೆ ಗೊತ್ತಾಗಬೇಕು?

ಡಾಕ್ಟರ್ ಬಯೋಟಿನ್ ನಿಲ್ಲಿಸಿ, ಕೆಲವು ದಿನ ಬಿಟ್ಟು ಥೈರಾಯ್ಡ್ ಮತ್ತೆ ಮಾಡಿಸಿದರು. ನಾರ್ಮಲ್. ಕಾರ್ಟಿಸಾಲ್ ಮತ್ತೆ ಮಾಡಿಸಲೇ ಇಲ್ಲ. ನಾನೇ ಕೇಳಿದೆ, ‘ಅದನ್ನೂ ಸರಿಯಾದ ಹೊತ್ತಿಗೆ ತೆಗೆಸೋಣ ಅಲ್ವಾ ಡಾಕ್ಟ್ರೇ?’ ‘ತೆಗೆಸಿ ಏನು ಮಾಡೋದು, ಪಿಟಿಎಸ್‌ಡಿಗೆ ರಕ್ತದ ಟೆಸ್ಟ್ ಇಲ್ಲ’ ಅಂದರು. ಪಿಟಿಎಸ್‌ಡಿ ಅಂದರೆ ದೊಡ್ಡ ಆಘಾತ ಕಂಡವರಲ್ಲಿ ಆ ಭಯ ಹೋಗದೆ ಉಳಿಯುವ ಕಾಯಿಲೆ, ನನಗೆ ಆಗಿದ್ದು ಅದೇ. ಆಮೇಲೆ ಚೀಟಿಯ ಹಿಂದೆ ಪೆನ್ನಿನಲ್ಲಿ ಗೀಚಿ ತೋರಿಸಿದರು. ಆ ಚೀಟಿ ಇನ್ನೂ ನನ್ನ ಪರ್ಸ್‌ನಲ್ಲಿದೆ.

ಮೇಲೆ ಒಂದು ಸೊನ್ನೆ, ಮೆದುಳಿನ ಹೈಪೋಥಲಾಮಸ್. ಅದರ ಕೆಳಗೆ ಬಟಾಣಿ ಕಾಳಿನಷ್ಟು ಪಿಟ್ಯುಟರಿ. ಎಲ್ಲಕ್ಕಿಂತ ಕೆಳಗೆ, ಎರಡು ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಅಡ್ರಿನಲ್ ಗ್ರಂಥಿಗಳು. ಅಪಾಯ ಕಂಡಾಗ ಎರಡು ಕೆಲಸ ಆಗುತ್ತವೆ. ಒಂದು ಕ್ಷಣದಲ್ಲಿ ಆಗುವುದು. ನರಗಳ ಮೂಲಕ ಸುದ್ದಿ ಹೋಗಿ ಅಡ್ರಿನಲ್‌ನ ಒಳಭಾಗ ಅಡ್ರಿನಲಿನ್ ಬಿಡುತ್ತದೆ, ಮೆದುಳಿನಲ್ಲೂ ನಾರಡ್ರಿನಲಿನ್ ಏರುತ್ತದೆ. ಎದೆ ಹೊಡೆದುಕೊಳ್ಳುವುದು, ಬೆವರು, ಬಾಯಿ ಒಣಗುವುದು ಎಲ್ಲ ಇದರಿಂದ. ಇನ್ನೊಂದು ಸ್ವಲ್ಪ ನಿಧಾನ. ಮೇಲಿನ ಸೊನ್ನೆಯಿಂದ ಬಟಾಣಿಗೆ, ಬಟಾಣಿಯಿಂದ ರಕ್ತದಲ್ಲಿ ಕೆಳಗೆ ಸುದ್ದಿ ಇಳಿದು, ಅಡ್ರಿನಲ್‌ನ ಹೊರಪದರ ಕಾರ್ಟಿಸಾಲ್ ಬಿಡುತ್ತದೆ. ಓಡಲಿಕ್ಕೆ ಸಕ್ಕರೆ ಒದಗಿಸುವುದು ಅದರ ಕೆಲಸ. ಆದರೆ ಅದಕ್ಕೆ ಇನ್ನೊಂದು ಕೆಲಸವೂ ಇದೆ, ಅದು ನನಗೆ ಗೊತ್ತೇ ಇರಲಿಲ್ಲ. ಅದೇ ಕಾರ್ಟಿಸಾಲ್ ಮತ್ತೆ ಮೆದುಳಿಗೆ ಹೋಗಿ, ಸಾಕು, ಆಯಿತು, ನಿಲ್ಲಿಸು ಅನ್ನುತ್ತದೆ.

ಅಂದರೆ ಕಾರ್ಟಿಸಾಲ್ ಬರೀ ಒತ್ತಡದ ಹಾರ್ಮೋನ್ ಅಲ್ಲ, ಒತ್ತಡವನ್ನು ಇಳಿಸುವ ಹಾರ್ಮೋನೂ ಹೌದು. ಜಾಸ್ತಿ ಇದ್ದರೆ ಒತ್ತಡ, ಕಡಿಮೆ ಇದ್ದರೆ ಆರಾಮ ಅನ್ನುವ ಆ್ಯಪ್‌ನ ಲೆಕ್ಕವೇ ಇಲ್ಲಿ ಬಿದ್ದುಹೋಗುತ್ತದೆ.

ಇದರ ಬಗ್ಗೆ ಆಮೇಲೆ ನಾನೂ ತುಂಬಾ ಓದಿದೆ. ಪಿಟಿಎಸ್‌ಡಿ ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ಪಟ್ಟಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದ ನಂತರ. ಆಗ ಎಲ್ಲರೂ ಈ ಸೈನಿಕರಲ್ಲಿ ಕಾರ್ಟಿಸಾಲ್ ಏರಿರುತ್ತದೆ ಅಂತಲೇ ಅಂದುಕೊಂಡಿದ್ದರು. 1986ರಲ್ಲಿ ಜಾನ್ ಮೇಸನ್ ಮತ್ತು ಜೊತೆಯವರು ಆಸ್ಪತ್ರೆಯಲ್ಲಿದ್ದ ಸೈನಿಕರ ಮೂತ್ರ ಪರೀಕ್ಷೆ ಮಾಡಿದಾಗ, ಕಾರ್ಟಿಸಾಲ್ ಕಡಿಮೆ ಇತ್ತು. 1990ರ ದಶಕದಲ್ಲಿ ರೇಚಲ್ ಯೆಹೂದಾ ಇನ್ನೊಂದು ಹೆಜ್ಜೆ ಹೋದರು. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಅನ್ನು ರಾತ್ರಿ ತೀರಾ ಕಡಿಮೆ ಪ್ರಮಾಣದಲ್ಲಿ, ಅರ್ಧ ಮಿಲಿಗ್ರಾಂ ಕೊಟ್ಟು, ಬೆಳಿಗ್ಗೆ ರಕ್ತ ನೋಡಿದರು. ಅದನ್ನು ಕೊಟ್ಟರೆ ಯಾರಲ್ಲಾದರೂ ಕಾರ್ಟಿಸಾಲ್ ಇಳಿಯುತ್ತದೆ, ಆದರೆ ಪಿಟಿಎಸ್‌ಡಿ ಇದ್ದವರಲ್ಲಿ ಬೇರೆಯವರಿಗಿಂತ ಜಾಸ್ತಿ ಇಳಿಯಿತು. ಮೆದುಳಿನ ಬ್ರೇಕ್ ಸ್ವಲ್ಪ ಮುಟ್ಟಿದರೂ ಗಟ್ಟಿಯಾಗಿ ಹಿಡಿಯುತ್ತಿದೆ ಅಂತ ಅರ್ಥ. ಒಂದು ಕಡೆ ಈ ಬ್ರೇಕ್ ಬಿಗಿ, ಇನ್ನೊಂದು ಕಡೆ ನಾರಡ್ರಿನಲಿನ್ ಮಾತ್ರ ಏರಿಯೇ ಇರುತ್ತದೆ. ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ, ಸಾಕು ಅನ್ನುವ ಕಾರ್ಟಿಸಾಲ್ ಬೇಕಾದಷ್ಟು ಇಲ್ಲ.

ಹಾಗಂತ ಕಡಿಮೆ ಇದ್ದರೆ ಪಿಟಿಎಸ್‌ಡಿ ಅಂತಲೂ ಹೇಳುವ ಹಾಗಿಲ್ಲ. 2007ರಲ್ಲಿ 37 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಎಲ್ಲ ಸೇರಿಸಿದರೆ ಪಿಟಿಎಸ್‌ಡಿ ಇದ್ದವರಿಗೂ ಇಲ್ಲದವರಿಗೂ ಕಾರ್ಟಿಸಾಲ್‌ನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಕೆಲವು ಗುಂಪಿನಲ್ಲಿ ಕಡಿಮೆ, ಕೆಲವರಲ್ಲಿ ಮಾಮೂಲು. ಯಾವಾಗ ಅಳೆದರು, ಯಾರನ್ನು ಅಳೆದರು, ಏನಾಗಿತ್ತು ಅನ್ನುವುದರ ಮೇಲೆ ಹೋಗುತ್ತದೆ. ನಲವತ್ತು ವರ್ಷದಿಂದ ಇದನ್ನೇ ಕಲಿತವರು ಒಂದು ನಂಬರ್ ನೋಡಿ ಹೇಳಲಾರರು. ಈ ಆ್ಯಪ್ ಒಂದು ಬಳೆಯಲ್ಲಿ ಹೇಳಿಬಿಡುತ್ತದೆ.

ನನ್ನ ಮನಸ್ಸಿಗೆ ನಾನು ಹೇಳಿಕೊಂಡಿದ್ದು ಹೀಗೆ. ನಮ್ಮ ಕಡೆ ಒಮ್ಮೆ ತೋಟಕ್ಕೆ ಆನೆ ನುಗ್ಗಿದರೆ, ಆಮೇಲೆ ಆರು ತಿಂಗಳು ಕಾವಲಿನವನು ಬಾಳೆ ಎಲೆ ಅಲ್ಲಾಡಿದರೂ ಕೂಗು ಹಾಕುತ್ತಾನೆ. ಅವನು ಹೆದರುಪುಕ್ಕಲ ಅಲ್ಲ. ಅವನು ಆನೆ ನೋಡಿದ್ದಾನೆ. ಮೆದುಳಿನಲ್ಲಿ ಬಾದಾಮಿ ಬೀಜದ ಆಕಾರದ ಅಮಿಗ್ಡಲ ಅಂತ ಒಂದು ಭಾಗ ಇದೆ, ಈ ಕಾವಲಿನ ಕೆಲಸ ಅದರದು. ಇದು ಈಗಿನದಾ, ಆಗಿನದಾ, ಇಲ್ಲಿಯದಾ, ಅಲ್ಲಿಯದಾ ಅಂತ ಹೇಳಿಕೊಡುವ ಭಾಗ ಹಿಪ್ಪೊಕ್ಯಾಂಪಸ್. ಮೈಸೂರಿನ ಶೀಟಿನ ಮೇಲೆ ಬೀಳುವ ಹನಿ ಮಡಿಕೇರಿಯ ಬರೆ ಅಲ್ಲ ಅಂತ ಹೇಳಬೇಕಾದದ್ದು ಅದು.

ಪಿಟಿಎಸ್‌ಡಿ ಇದ್ದವರಲ್ಲಿ ಈ ಹಿಪ್ಪೊಕ್ಯಾಂಪಸ್ ಸ್ವಲ್ಪ ಚಿಕ್ಕದು ಅಂತ 1990ರ ದಶಕದಿಂದ ಸ್ಕ್ಯಾನ್‌ಗಳಲ್ಲಿ ಕಂಡಿದೆ. ಓದಿದಾಗ ಹೆದರಿದೆ. ನನ್ನ ಮೆದುಳು ಕರಗುತ್ತಿದೆಯಾ ಅಂತ. ಆದರೆ 2002ರಲ್ಲಿ ಅವಳಿ ಅಣ್ಣತಮ್ಮಂದಿರ ಮೇಲೆ ಮಾಡಿದ ಒಂದು ಅಧ್ಯಯನ ಬಂತು. ಒಬ್ಬ ವಿಯೆಟ್ನಾಂಗೆ ಹೋಗಿದ್ದಾನೆ, ಇನ್ನೊಬ್ಬ ಯುದ್ಧ ನೋಡಿಯೇ ಇಲ್ಲ. ಹೋದವನಿಗೆ ತೀವ್ರ ಪಿಟಿಎಸ್‌ಡಿ ಬಂದಿದ್ದರೆ, ಮನೆಯಲ್ಲೇ ಉಳಿದ ಅವನ ಅವಳಿಯ ಹಿಪ್ಪೊಕ್ಯಾಂಪಸ್ ಕೂಡ ಚಿಕ್ಕದಾಗಿತ್ತು. ಅಂದರೆ ಕೆಲವರಿಗಾದರೂ ಅದು ಹುಟ್ಟಿನಿಂದ ಬಂದ ಗುಣ ಇರಬಹುದು, ಆಘಾತ ಅದರ ಮೇಲೆ ಬಂದು ಬಿದ್ದದ್ದು. ಇದನ್ನು ಅತ್ತೆಗೆ ಓದಿ ಹೇಳಿದೆ. ಒಂದೇ ಮನೆ, ಒಂದೇ ರಾತ್ರಿ, ಮೂವರು ಓಡಿದೆವು, ನನಗೊಬ್ಬಳಿಗೇ ಯಾಕೆ ಹೀಗೆ ಅಂತ ಅವರಿಗೂ ಇತ್ತು, ನನಗೂ ಇತ್ತು. ‘ಹಾಗಾದ್ರೆ ನಿಂದೇನೂ ತಪ್ಪಿಲ್ಲ’ ಅಂದರು. ಇಷ್ಟು ವರ್ಷದಲ್ಲಿ ಮೊದಲ ಸಲ.

ಹೆಂಗಸರಿಗೆ ಇದು ಗಂಡಸರ ಸುಮಾರು ಎರಡು ಪಟ್ಟು ಬರುತ್ತದೆ. ಕಾರಣ ಒಂದೇ ಅಲ್ಲ, ಆದರೆ ಈಸ್ಟ್ರೋಜನ್‌ಗೂ ಭಯ ಮರೆಯುವ ಕಲಿಕೆಗೂ ನಂಟಿದೆ ಅಂತ ಸಂಶೋಧನೆ ಹೇಳುತ್ತದೆ. ಮುಟ್ಟಿನ ಹಿಂದಿನ ವಾರ ನನಗೆ ಎಲ್ಲವೂ ಜಾಸ್ತಿ ಆಗುತ್ತಿತ್ತು. ಡೈರಿಯಲ್ಲಿ ಬರೆದಿಟ್ಟು ತೋರಿಸಿದೆ, ಡಾಕ್ಟರ್ ಅದನ್ನು ಫೈಲಿನಲ್ಲಿ ಬರೆದುಕೊಂಡರು.

ನನ್ನನ್ನು ನಿಜವಾಗಿ ಕಾಡಿದ್ದು ಬೇರೆ. ಆವತ್ತು ಹೊಟ್ಟೆಯಲ್ಲಿ ಮಗಳಿದ್ದಳು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ ಆ ಕಟ್ಟಡಗಳು ಬಿದ್ದಾಗ ಅಲ್ಲಿ ಅಥವಾ ಹತ್ತಿರ ಇದ್ದ ಬಸುರಿಯರನ್ನು ಯೆಹೂದಾ ಅವರ ತಂಡ ಹುಡುಕಿ, 38 ತಾಯಂದಿರ ಮತ್ತು ಅವರ ಕೂಸುಗಳ ಎಂಜಲು ತೆಗೆದು ನೋಡಿತು. ಪಿಟಿಎಸ್‌ಡಿ ಬಂದ ತಾಯಂದಿರಲ್ಲಿ ಕಾರ್ಟಿಸಾಲ್ ಕಡಿಮೆ. ಅವರ ಒಂದು ವರ್ಷದ ಕೂಸುಗಳಲ್ಲೂ ಕಡಿಮೆ. ಕೊನೆಯ ಮೂರು ತಿಂಗಳಲ್ಲಿದ್ದವರ ಮಕ್ಕಳಲ್ಲಿ ಇದು ಹೆಚ್ಚು ಸ್ಪಷ್ಟ. 2005ರಲ್ಲಿ ಇದು ಪ್ರಕಟವಾಯಿತು. ರಾತ್ರಿ ಒಂದು ಗಂಟೆಗೆ ಇದನ್ನು ಓದಿ, ಪಕ್ಕದಲ್ಲಿ ಮಲಗಿದ್ದ ಮಗಳ ಮುಖ ನೋಡುತ್ತಾ ಕೂತಿದ್ದೆ. ಬಾಯಿ ಸ್ವಲ್ಪ ತೆರೆದು, ಒಂದು ಕೈ ಕೆನ್ನೆ ಕೆಳಗೆ ಇಟ್ಟುಕೊಂಡು ಮಲಗಿದ್ದಳು. ನನ್ನ ಭಯವನ್ನು ಇವಳ ರಕ್ತಕ್ಕೂ ಹಾಕಿಬಿಟ್ಟೆನಾ?

ಮರುದಿನ ಮೊದಲು ಕೇಳಿದ್ದು ಅದನ್ನೇ. ಡಾಕ್ಟರ್ ಪೆನ್ನು ಕೆಳಗಿಟ್ಟು ಹೇಳಿದರು. ಕಾರ್ಟಿಸಾಲ್ ಕಡಿಮೆ ಇರುವುದು ಕಾಯಿಲೆ ಅಲ್ಲ. 38 ಜನರಲ್ಲಿ ಕಂಡದ್ದು ನಿಮ್ಮ ಮಗಳ ಹಣೆಬರಹ ಅಲ್ಲ. ಆಮೇಲೆ, ‘ಅವಳು ಹೇಗೆ ಮಲಗ್ತಾಳೆ? ಸ್ಕೂಲಲ್ಲಿ ಹೇಗಿದ್ದಾಳೆ? ಮಳೆ ಬಂದ್ರೆ ಏನು ಮಾಡ್ತಾಳೆ?’ ಅಂದರು. ‘ಹೊರಗೆ ಓಡ್ತಾಳೆ ಡಾಕ್ಟ್ರೇ, ಒಳಗೆ ಕರೆದರೆ ಬರಲ್ಲ’ ಅಂದೆ. ಅವರು ನಕ್ಕರು. ಅವಳ ರಕ್ತ ತೆಗೆಸಬೇಕು ಅನ್ನುವ ಯೋಚನೆ ಅಲ್ಲಿಗೇ ಬಿಟ್ಟೆ. ಇದೇ ಲ್ಯಾಬ್‌ನವರು ‘ಫ್ಯಾಮಿಲಿ ಸ್ಟ್ರೆಸ್ ಪ್ಯಾಕ್’ ಅಂತ ಮಕ್ಕಳಿಗೂ ಮಾರುತ್ತಾರೆ. ದಯವಿಟ್ಟು ಮಾಡಿಸಬೇಡಿ.

ಮಾರುವ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ರಿಪೋರ್ಟ್ ಬಂದ ಮಾರನೇ ದಿನ ಅವರ ‘ವೆಲ್‌ನೆಸ್ ಕೋಚ್’ ಫೋನ್ ಮಾಡಿ, ಕಾರ್ಟಿಸಾಲ್ ಇಳಿಸುವ ಅಶ್ವಗಂಧ ಕ್ಯಾಪ್ಸುಲ್ ತಗೊಳ್ಳಿ, 899 ರೂಪಾಯಿ ಅಂದರು. ಆಗ ನನಗೆ ಏನೂ ಗೊತ್ತಿರಲಿಲ್ಲ, ತಗೊಂಡೆ. ಈಗ ಯೋಚಿಸಿದರೆ ಸಿಟ್ಟು ಬರುತ್ತದೆ. ಅಶ್ವಗಂಧ ನಮ್ಮ ಅಜ್ಜಿ ಕಾಲದಿಂದ ಇರುವ ಬೇರು, ಅದರ ಮೇಲೆ ನನಗೆ ದೂರಿಲ್ಲ. ಆದರೆ ಕಾರ್ಟಿಸಾಲ್ ಕಡಿಮೆ ಅಂತ ಹಸಿರು ಬಳೆ ಕೊಟ್ಟವರೇ ಅದನ್ನು ಇನ್ನೂ ಇಳಿಸುವ ಮಾತ್ರೆ ಮಾರುವುದು ಯಾವ ಲೆಕ್ಕ? ಮೇಲಾಗಿ ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಹಾರ್ಮೋನ್ ಏರಿಸುತ್ತದೆ, ಅಪರೂಪಕ್ಕೆ ಲಿವರ್‌ಗೂ ತೊಂದರೆ ಕೊಟ್ಟ ವರದಿಗಳಿವೆ. ಅವರದೇ ರಿಪೋರ್ಟ್‌ನಲ್ಲಿ ಥೈರಾಯ್ಡ್ ಜಾಸ್ತಿ ಅಂತ ಕೆಂಪಕ್ಷರದಲ್ಲಿ ಇತ್ತು. ನನಗೆ ನಿಜವಾಗಲೂ ಥೈರಾಯ್ಡ್ ಜಾಸ್ತಿ ಇದ್ದಿದ್ದರೆ? ಫೋನ್ ಮಾಡಿದವರು ಎರಡನೇ ಪುಟ ತೆರೆದೇ ನೋಡಿರಲಿಲ್ಲ.

ಹಾಗಾದರೆ ನನಗೆ ಏನು ಕೆಲಸ ಮಾಡಿತು? ಡಾಕ್ಟರ್ ಸರ್ಟ್ರಾಲಿನ್ ಅನ್ನುವ ಮಾತ್ರೆ ಶುರು ಮಾಡಿದರು. ಗುಣ ಕಾಣಲಿಕ್ಕೆ ಕೆಲವು ವಾರ ಬೇಕು ಅಂತ ಮೊದಲೇ ಹೇಳಿದ್ದರು, ನನಗೆ ಐದನೇ ವಾರದಲ್ಲಿ ಗೊತ್ತಾಯಿತು. ಮೊದಲಿನ ನಿದ್ದೆ ಮಾತ್ರೆಯನ್ನು ನಿಧಾನವಾಗಿ ಇಳಿಸಿ ಬಿಡಿಸಿದರು. ಆ ಗುಂಪಿನ ಮಾತ್ರೆಗಳು ಪಿಟಿಎಸ್‌ಡಿಗೆ ಒಳ್ಳೆಯದಲ್ಲವಂತೆ. ಕೆಟ್ಟ ಕನಸಿಗೆ ಬಿಪಿಯ ಹಳೇ ಮಾತ್ರೆ ಪ್ರಾಜೋಸಿನ್ ಕೊಡುವುದೂ ಉಂಟು, ಅದು ನಾರಡ್ರಿನಲಿನ್ ಹಿಡಿಯುವ ಜಾಗವನ್ನು ಮುಚ್ಚುತ್ತದೆ. ಮೊದಲ ಅಧ್ಯಯನಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು, 2018ರಲ್ಲಿ ಮಾಜಿ ಸೈನಿಕರ ಮೇಲೆ ಮಾಡಿದ ದೊಡ್ಡ ಪ್ರಯೋಗದಲ್ಲಿ ಔಷಧವೇ ಇಲ್ಲದ ಸುಳ್ಳು ಮಾತ್ರೆಗಿಂತ ಮೇಲಾಗಲಿಲ್ಲ. ನನಗೆ ಅದು ಬೇಕಾಗಲಿಲ್ಲ.

ಹೆಚ್ಚು ಕೆಲಸ ಮಾಡಿದ್ದು ಮಾತು. ಅದೇ ಕ್ಲಿನಿಕ್‌ನಲ್ಲಿ ಸೈಕಾಲಜಿಸ್ಟ್ ಹತ್ತಿರ ವಾರಕ್ಕೊಮ್ಮೆ, ಒಟ್ಟು 14 ಸಲ, ಒಂದು ಸಲಕ್ಕೆ 1,200 ರೂಪಾಯಿ. ದುಬಾರಿಯೇ. ಕಣ್ಣು ಮುಚ್ಚಿ ಆ ದಿನವನ್ನು ಈಗ ನಡೆಯುತ್ತಿರುವ ಹಾಗೆ ಮೊದಲಿಂದ ಕೊನೆಯ ತನಕ ಹೇಳಬೇಕು. ಅದನ್ನು ರೆಕಾರ್ಡ್ ಮಾಡಿ ಕೊಡುತ್ತಾರೆ, ಮನೆಯಲ್ಲಿ ದಿನಾ ಕೇಳಬೇಕು. ಮೊದಲ ಮೂರು ವಾರ ಎಷ್ಟು ಕಷ್ಟ ಅಂದರೆ, ಬಿಟ್ಟುಬಿಡುತ್ತೇನೆ ಅಂತ ಎರಡು ಸಲ ಮೆಸೇಜ್ ಹಾಕಿದ್ದೆ. ಆರನೇ ಸಲ ಹೇಳುವಾಗ, ಅಲ್ಲಿಯ ತನಕ ನೆನಪಿಗೇ ಬರದ ಒಂದು ವಿಷಯ ಬಂತು. ಮರಗಳು ಜಾರಿದ್ದನ್ನು ನೋಡಿ ಮೊದಲು ಕೂಗಿದ್ದು ನಾನು. ಯಜಮಾನರು ಅತ್ತೆಯನ್ನು ಎತ್ತಿಕೊಂಡಿದ್ದು ಆ ಕೂಗಿಗೆ. ಇಷ್ಟು ವರ್ಷ ನನ್ನ ನೆನಪಿನಲ್ಲಿ ನಾನು ಕಿಟಕಿ ಹತ್ತಿರ ಸುಮ್ಮನೆ ನಿಂತಿದ್ದೆ. ಮನೆಗೆ ಬಂದು ಯಜಮಾನರನ್ನು ಕೇಳಿದೆ. ‘ಹೌದಲ್ಲ, ನೀನು ಕೂಗಿದ್ದಕ್ಕೇ ತಾನೇ ನಾನು ಎದ್ದಿದ್ದು’ ಅಂದರು, ಇದೇನು ಹೊಸ ವಿಷಯವಾ ಅನ್ನುವ ಹಾಗೆ.

ಆ ಕ್ಲಿನಿಕ್‌ಗೆ ನಾಲ್ಕೂವರೆ ಸ್ಟಾರ್. ಅರ್ಧ ಕಳೆದಿದ್ದು ಎರಡು ಕಾರಣಕ್ಕೆ. ಫಾರ್ಮ್ ಎಲ್ಲ ಇಂಗ್ಲಿಷಿನಲ್ಲೇ ಇದೆ, ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರಿಗೆ ನಾನೇ ತುಂಬಿಕೊಟ್ಟೆ. ಕಾಯುವುದು ಒಂದೂವರೆ ಗಂಟೆ, ಅದೂ ಬಾಗಿಲು ಧಡ್ ಅಂತ ಬಡಿದುಕೊಳ್ಳುವ ಕೋಣೆಯಲ್ಲಿ. ಅಲ್ಲಿ ಕೂತವರಲ್ಲಿ ಬೆಚ್ಚಿಬೀಳುವವರೇ ಜಾಸ್ತಿ. ಒಂದು ರಬ್ಬರ್ ತುಂಡು ಹಾಕಿಸಿ ಅಂತ ಎರಡು ಸಲ ಹೇಳಿದ್ದೇನೆ.

ದುಡ್ಡು ಹೊಂದಿಸಲಾಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಈಗ ದೇಶದಲ್ಲೆಲ್ಲ ಇದೆ, ಅದನ್ನು ಮೊದಲು ಮಾಡಿ ತೋರಿಸಿದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್‌ನವರು. ಬೆಂಗಳೂರಿಗೆ ಹೋಗಿಬರುವ ಅನುಕೂಲ ಇದ್ದರೆ ನಿಮ್ಹಾನ್ಸ್ ಇದ್ದೇ ಇದೆ. ಇನ್ಶೂರೆನ್ಸ್ ಇದ್ದವರು ಒಂದು ನೆನಪಿಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮೈಯ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು.

ಈ ಪ್ಯಾಕೇಜ್ ಈಗಾಗಲೇ ಬುಕ್ ಮಾಡಿದ್ದರೆ ಇಷ್ಟು ಮಾಡಿ. ತಗೊಳ್ಳುವ ಎಲ್ಲ ಮಾತ್ರೆಗಳನ್ನೂ, ವಿಟಮಿನ್ ಸೇರಿಸಿ, ಒಂದು ಚೀಟಿಯಲ್ಲಿ ಬರೆದು ಡಾಕ್ಟರ್‌ಗೆ ಮೊದಲೇ ತೋರಿಸಿ. ರಕ್ತ ತೆಗೆಯುವವರ ಹತ್ತಿರ ಸರಿಯಾದ ಸಮಯವನ್ನು ಟ್ಯೂಬಿನ ಮೇಲೆ ನಿಮ್ಮೆದುರೇ ಬರೆಸಿ. ಬಿ12, ಡಿ, ಥೈರಾಯ್ಡ್ ಸಂಖ್ಯೆಗಳು ಡಾಕ್ಟರ್‌ಗೆ ಉಪಯೋಗಕ್ಕೆ ಬರಬಹುದು. ಮೊದಲ ಪುಟದ ಬಳೆ ಯಾವ ಬಣ್ಣ ಬಂದರೂ ಮನೆಯವರಿಗೆ ತೋರಿಸಬೇಡಿ.

2025ರಲ್ಲಿ ಮಳೆ ಮೇ ಕೊನೆಗೇ ಶುರುವಾಯಿತು. ಮೊದಲ ರಾತ್ರಿ ಎರಡೂವರೆಗೆ ಎಚ್ಚರ ಆಯಿತು, ಎದೆ ಹೊಡೆದುಕೊಂಡಿತು. ಎದ್ದು ನೀರು ಕುಡಿದು, ಪಕ್ಕದ ಮನೆಯ ಶೀಟಿನ ಸದ್ದು ಕೇಳುತ್ತಾ ಅಡುಗೆಮನೆಯಲ್ಲಿ ನಿಂತೆ. ಅರ್ಧ ಗಂಟೆ ಬೇಕಾಯಿತು. ಆಮೇಲೆ ನಿದ್ದೆ ಬಂತು, ಬೆಳಿಗ್ಗೆ ಮಗಳು ಬಂದು ಎಬ್ಬಿಸುವ ತನಕ.

ಲ್ಯಾಬ್‌ನವರಿಗೆ ಇಷ್ಟನ್ನೂ ಇಮೇಲ್‌ನಲ್ಲಿ ಬರೆದು, ಸಮಯ ತಪ್ಪಾಗಿ ಹಾಕಿದ್ದಕ್ಕೆ ದುಡ್ಡು ವಾಪಸ್ ಕೇಳಿದ್ದೆ. ಕ್ಯಾಪ್ಸುಲ್‌ನ 899 ಬಂತು. 3,499ಕ್ಕೆ ಇನ್ನೂ ಉತ್ತರ ಇಲ್ಲ.